ಯಾವ ಕೋನದಲ್ಲಿ, ಸಾರ್?

(ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಮತ್ತು ಕನ್ನಡ ವಿಭಾಗದವರು ಸೇರಿ ಮಾಡಿದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು. ಫೋನಿನಲ್ಲಿ ಹಿಡಿದಿಟ್ಟ ಧ್ವನಿ ಕೇಳಿಕೊಂಡು ಬರೆದದ್ದು. ಅವಸರದಲ್ಲಿ ತಪ್ಪಿ ಹೇಳಿದ ಒಂದೆರಡು ಇಸವಿಗಳನ್ನು ತಿದ್ದಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಶಿಕ್ಷಕರ ತರಬೇತಿಯೊಂದರಲ್ಲಿ. ಕೆಲವು ವರ್ಷಗಳ ಹಿಂದಿನ ಮಾತು. 'ಸಂಪನ್ಮೂಲ ವ್ಯಕ್ತಿ' ಅನ್ನುವ ಭಾರವಾದ ಹೆಸರು ಹೊತ್ತು ಮೂರು ದಿನ ಹೋಗಿದ್ದೆ. ಮೊದಲ ದಿನ ಸಂಜೆ ಚಹಾ ಆದ ಮೇಲೆ ಎಲ್ಲರ ಕೈಗೂ ಒಂದೊಂದು ಹಾಳೆ ಬಂತು. ಮೇಲೆ ಅಚ್ಚಾಗಿತ್ತು: 'ಇಂದಿನ ಕಲಿಕೆಯ ಕುರಿತು ನಿಮ್ಮ ಪ್ರತಿಫಲನ ಬರೆಯಿರಿ.' ಕೆಳಗೆ ಹತ್ತು ಖಾಲಿ ಗೆರೆ. ನನ್ನ ಪಕ್ಕದಲ್ಲಿ ಪ್ರಾಥಮಿಕ ಶಾಲೆಯ ಒಬ್ಬ ಮೇಡಂ ಕೂತಿದ್ದರು, ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಮಾಡಿದವರು. ಹಾಳೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಯಾವ ಕೋನದಲ್ಲಿ ಬರೀಬೇಕು, ಸಾರ್?" ಅಂದರು.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ, ಬಗ್ಗಿ ಬರೆಯತೊಡಗಿದರು. ಆಮೇಲೆ ಹಾಳೆ ನನ್ನ ಕಡೆ ಸರಿಸಿದರು. ಎರಡೇ ಸಾಲು: 'ಬೆಳಿಗ್ಗೆ ಹೇಳಿದ್ದನ್ನು ಹಾಗೇ ಮರಳಿಸಿದ್ದೇನೆ. ಒಳಗೆ ಏನೂ ಹೋಗಿಲ್ಲ.'

ಭೌತಶಾಸ್ತ್ರದ ಪ್ರಕಾರ ಇದಕ್ಕಿಂತ ಶುದ್ಧವಾದ ಪ್ರತಿಫಲನ ಇರಲಾರದು! ನಯವಾದ ಮೇಲ್ಮೈ, ಬಂದ ಕಿರಣ ಬಂದ ಹಾಗೇ ವಾಪಸ್ಸು. ಹಾಳೆ ಹಂಚಿದವರು ಕೇಳಿದ್ದು ಇದರ ತದ್ವಿರುದ್ಧವಾದದ್ದನ್ನು. ಒಳಗೆ ಹೋದದ್ದೇನು, ಅದು ಒಳಗೆ ಏನು ಮಾಡಿತು, ಅದನ್ನು ಹೇಳಿ ಅಂತ. ಒಂದೇ ಪದ ಒಂದಕ್ಕೊಂದು ಎದುರಾದ ಎರಡು ಕೆಲಸಕ್ಕೆ ಹೇಗೆ ಬಂತು? ಆ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಬಂದದ್ದು ಇಂಗ್ಲಿಷಿನಿಂದ. ಅಲ್ಲಿ 'ರಿಫ್ಲೆಕ್ಷನ್' ಅಂದರೆ ಕನ್ನಡಿಯ ಕೆಲಸವೂ ಹೌದು, ಮನಸ್ಸಿನ ಕೆಲಸವೂ ಹೌದು. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಹಿಂದಕ್ಕೆ ಬಾಗಿಸುವುದು ಅಂತ ಅರ್ಥ. ಬೆಳಕು ಹಿಂದಕ್ಕೆ ಬಾಗುತ್ತದೆ, ಮನಸ್ಸೂ ತನ್ನ ಕಡೆಗೇ ಬಾಗುತ್ತದೆ, ಸರಿಹೋಯಿತು. ಅನುವಾದಕರು ವಿಜ್ಞಾನದ ನಿಘಂಟಿನಿಂದ 'ಪ್ರತಿಫಲನ'ವನ್ನು ಎತ್ತಿ ಶಿಕ್ಷಣಶಾಸ್ತ್ರದಲ್ಲಿ ಇಟ್ಟರು. ಆ ಮೇಡಂ ಕೊನೆಯ ದಿನ ಭತ್ಯೆಯ ಪಟ್ಟಿಗೆ ಸಹಿ ಹಾಕುವಾಗ ಇನ್ನೊಂದು ಮಾತು ಹೇಳಿದರು: "ಮೂರು ದಿನ ಪ್ರತಿಫಲನ ಬರೆದೆವು, ಪ್ರತಿಫಲ ಇಷ್ಟೇನಾ?"

ನಮ್ಮಲ್ಲಿ ಮನಸ್ಸಿನ ಈ ಕೆಲಸಕ್ಕೆ ಪದಗಳಿಗೇನೂ ಬರವಿರಲಿಲ್ಲ. ಒಂದೊಂದನ್ನೂ ಬಿಚ್ಚಿ ನೋಡಿದರೆ ಒಂದೊಂದು ಚಿತ್ರ ಸಿಗುತ್ತದೆ. 'ಆಲೋಚನೆ'ಯಲ್ಲಿ ಕಣ್ಣಿದೆ. ಲೋಚನ ಅಂದರೆ ಕಣ್ಣು ತಾನೆ? 'ಅವಲೋಕನ'ವೂ ನೋಡುವುದೇ. ಸಿಂಹ ನಡೆಯುತ್ತ ನಡೆಯುತ್ತ ಕತ್ತು ತಿರುಗಿಸಿ ಬಂದ ದಾರಿಯನ್ನು ನೋಡಿದರೆ ಸಿಂಹಾವಲೋಕನ. 'ವಿಮರ್ಶೆ'ಯಲ್ಲಿರುವುದು ಕಣ್ಣಲ್ಲ, ಕೈ. ಅದರ ಧಾತುವಿಗೆ ಮುಟ್ಟು, ಸವರು ಅಂತ ಅರ್ಥ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಕೇಳು, ಮನನ ಮಾಡು, ಧ್ಯಾನಿಸು ಅನ್ನುತ್ತಾನೆ. ಮನನ ಅಲ್ಲಿ ನಡುವಿನ ಮೆಟ್ಟಿಲು. ಕೇಳಿದ್ದು ಇನ್ನೂ ಕಿವಿಯಲ್ಲಿದೆ, ತನ್ನದಾಗಿಲ್ಲ, ಅಂಥ ಹೊತ್ತಿನ ಕೆಲಸ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಟ್ಟಿಯಿಂದ ಬಂದ ಪದ: ಮೆಲುಕು. ಹಸು ಬಯಲಲ್ಲಿ ಗಬಗಬ ಮೇಯುತ್ತದೆ, ಅಗಿಯುವುದಕ್ಕೆ ಅಲ್ಲಿ ಪುರಸೊತ್ತಿಲ್ಲ. ಆಮೇಲೆ ಮರದ ನೆರಳಲ್ಲಿ ಮಲಗಿ, ನುಂಗಿದ್ದನ್ನೇ ಮತ್ತೆ ಬಾಯಿಗೆ ತಂದುಕೊಂಡು ಅರೆಗಣ್ಣು ಮುಚ್ಚಿ ಅಗಿಯುತ್ತದೆ. ದಿನಕ್ಕೆ ಏಳೆಂಟು ಗಂಟೆ ಇದೇ ಕೆಲಸ. ಹೊರಗಿನದು ಒಳಗೆ ಹೋಗಿದೆ, ಒಳಗಿನದು ಮರಳಿ ಬಂದಿದೆ, ಆದರೆ ಹೋದ ಹಾಗೆ ಬಂದಿಲ್ಲ. ತರಬೇತಿಯ ಹಾಳೆಯ ಮೇಲೆ 'ಇಂದಿನ ಪಾಠವನ್ನು ಮೆಲುಕು ಹಾಕಿ' ಅಂತ ಇದ್ದಿದ್ದರೆ ನಮ್ಮ ಮೇಡಂಗೆ ಕೋನದ ಚಿಂತೆ ಬರುತ್ತಿರಲಿಲ್ಲ.

'ಕನ್ನಡಿ'ಯಲ್ಲೂ ಕಣ್ಣಿದೆ. ತಮಿಳಿನ 'ಕಣ್ಣಾಡಿ'ಯಲ್ಲಿ ಅದು ಇನ್ನೂ ಸ್ಪಷ್ಟ. ಅವರಿಗೆ ಕನ್ನಡಿಯೂ ಕನ್ನಡಕವೂ ಅದೇ ಪದ. ನಮ್ಮಲ್ಲಿ ಎರಡು ಬೇರೆಯಾದರೂ ಬೇರು ಒಂದೇ. ಒಂದು ನಮ್ಮನ್ನು ನೋಡಿಕೊಳ್ಳುವುದಕ್ಕೆ, ಇನ್ನೊಂದು ಹೊರಗಿನದನ್ನು ನೋಡುವುದಕ್ಕೆ. 'ಕನ್ನಡ'ದ ಮೂಲ ಯಾವುದು ಅಂತ ದಯವಿಟ್ಟು ಕೇಳಬೇಡಿ, ಆ ಜಗಳಕ್ಕೆ ಬೇರೆ ಸಭೆ ಕರೆಯಬೇಕಾಗುತ್ತದೆ.

ಮೇಡಂ ಬರೆದ ಎರಡು ಸಾಲಿನ ಒಳಗಿರುವ ತತ್ತ್ವವನ್ನು ಹತ್ತನೆಯ ಶತಮಾನದ ಕಾಶ್ಮೀರದಲ್ಲಿ ಉತ್ಪಲದೇವ ಹಿಡಿದಿದ್ದ. ಪ್ರತ್ಯಭಿಜ್ಞಾ ಅನ್ನುವ ಶೈವ ದರ್ಶನದವನು. ಆ ದರ್ಶನದಲ್ಲಿ ಎರಡು ಪದಗಳು ಜೋಡಿ: ಪ್ರಕಾಶ, ವಿಮರ್ಶ. ಪ್ರಕಾಶ ಅಂದರೆ ವಸ್ತು ಬೆಳಗುವುದು, ತೋರುವುದು. ಅಷ್ಟೇ ಸಾಕಾಗಿದ್ದರೆ ಸ್ಫಟಿಕಕ್ಕೂ ಅರಿವು ಇರಬೇಕಿತ್ತಲ್ಲ ಅಂತ ಅವನ ವಾದ. ಕೆಂಪು ಹೂವಿನ ಪಕ್ಕದಲ್ಲಿ ಸ್ಫಟಿಕ ಇಡಿ, ಅದು ಕೆಂಪಾಗುತ್ತದೆ. ಆದರೆ ತಾನು ಕೆಂಪಾದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಾಗೆ ಗೊತ್ತಾಗುವುದೇ ವಿಮರ್ಶ. ವಿಮರ್ಶ ಇಲ್ಲದ ಪ್ರಕಾಶ, ವಸ್ತುವಿನ ಬಣ್ಣ ಹತ್ತಿದರೂ, ಸ್ಫಟಿಕದಂತೆ ಜಡ. ನಾವು ಅದೇ 'ವಿಮರ್ಶೆ'ಯನ್ನು ತಂದು ಪುಸ್ತಕ ಪರಿಚಯದ ಅಂಕಣಕ್ಕೆ ಹೆಸರಿಟ್ಟಿದ್ದೇವೆ. ಆ ಅಂಕಣಗಳಲ್ಲಿ ಅರ್ಧ ಬೆನ್ನುಡಿಯನ್ನೇ ಮರಳಿಸುವ ಸ್ಫಟಿಕಗಳು. ಇರಲಿ.

ಇಲ್ಲಿಯ ತನಕ ಹೇಳಿದ್ದನ್ನು ಕೇಳಿದರೆ, ಕನ್ನಡಿ ಜಡ, ಮನಸ್ಸು ಚೇತನ, ಎರಡಕ್ಕೂ ಸಂಬಂಧ ಇಲ್ಲ ಅಂತ ತೀರ್ಪು ಕೊಟ್ಟು ಮನೆಗೆ ಹೋಗಬಹುದು. ನಾನೂ ಸ್ವಲ್ಪ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ಮೂವತ್ತು ವರ್ಷ ಬೆಳಕಿನ ಪಾಠ ಮಾಡಿದವನಿಗೆ ಇನ್ನೊಂದು ಅನುಮಾನ ಬಂತು. ಕನ್ನಡಿ ನಿಜವಾಗಿಯೂ ಬಂದದ್ದನ್ನು ಬಂದ ಹಾಗೇ ಕಳಿಸುತ್ತದೆಯೆ?

ಬೆಳಕು ಬಂದು ಬೀಳುವ ಪತನ ಕೋನ, ಮರಳಿ ಹೋಗುವ ಪ್ರತಿಫಲನ ಕೋನ ಸಮ ಅನ್ನುವುದು ಬಹಳ ಹಳೆಯ ಅರಿವು. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೊ ಅದಕ್ಕೆ ಸೊಗಸಾದ ಕಾರಣ ಕೊಟ್ಟ. ಕನ್ನಡಿಯನ್ನು ಮುಟ್ಟಿ ಹೋಗಬಹುದಾದ ದಾರಿಗಳಲ್ಲೆಲ್ಲ ಅತಿ ಗಿಡ್ಡ ದಾರಿ ಯಾವುದೋ ಅದರಲ್ಲೇ ಕೋನಗಳು ಸಮ ಆಗುತ್ತವೆ. ಮನೆಯಿಂದ ಹೊರಟು, ಹೊಳೆಯಿಂದ ಒಂದು ಕೊಡ ನೀರು ತುಂಬಿಕೊಂಡು ಗದ್ದೆಗೆ ಹೋಗಬೇಕಾದವಳು ದಡದಲ್ಲಿ ಎಲ್ಲಿ ಇಳಿದರೆ ನಡಿಗೆ ಕಡಿಮೆ? ಅದೇ ಲೆಕ್ಕ. ತಮಾಷೆ ಅಂದರೆ, ಹೀರೊನ ಪ್ರಕಾರ ಕಿರಣ ಹೊರಡುತ್ತಿದ್ದದ್ದು ದೀಪದಿಂದಲ್ಲ, ಕಣ್ಣಿನಿಂದ. ಆದರೂ ಅವನ ರೇಖಾಗಣಿತ ಕೆಡಲಿಲ್ಲ. ಕಿರಣವನ್ನು ತಿರುಗಿಸಿ ಓಡಿಸಿದರೂ ದಾರಿ ಅದೇ.

ನಮ್ಮ ವೇದಾಂತಿಗಳೂ ಕಣ್ಣಿನಿಂದ ಕಿರಣ ಹೊರಡಿಸಿದ್ದರು, ಆದರೆ ಅವರ ಜಗಳ ಬೇರೆ. ಕನ್ನಡಿಯಲ್ಲಿ ಕಾಣುವ ಮುಖ ಇನ್ನೊಂದು ಮುಖವೋ, ಇದೇ ಮುಖವೋ? ಅದ್ವೈತದ ಒಂದು ಶಾಖೆಯಾದ ವಿವರಣ ಪ್ರಸ್ಥಾನದವರು ಇದೇ ಮುಖ ಅಂದರು. ಕಣ್ಣಿನಿಂದ ಹೋದ ಕಿರಣ ಕನ್ನಡಿಗೆ ತಾಗಿ ಮರಳಿ ಬಂದು ಕುತ್ತಿಗೆಯ ಮೇಲಿರುವ ಮುಖವನ್ನೇ ಹಿಡಿಯುತ್ತದೆ, ಅಲ್ಲಿ ಎರಡನೆಯ ಮುಖ ಹುಟ್ಟಿಲ್ಲ. ಹಾಗೇ ಜೀವನೂ ಬ್ರಹ್ಮನಿಗಿಂತ ಬೇರೆಯಲ್ಲ. ಇತ್ತ ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಅದೇ ಬಿಂಬ-ಪ್ರತಿಬಿಂಬದ ಪದ ಹಿಡಿದು ತಿರುವು ಮುರುವು ಮಾಡಿದರು. ಪ್ರತಿಬಿಂಬ ಬಿಂಬದ ಹಾಗಿದೆ, ಬಿಂಬಕ್ಕೆ ಪೂರ್ತಿ ಅಧೀನವಾಗಿದೆ, ಆದರೆ ಬಿಂಬವಲ್ಲ. ಜೀವ ಹರಿಯ ಪ್ರತಿಬಿಂಬ, ಹರಿಯಲ್ಲ. ಒಂದೇ ಕನ್ನಡಿ ಅದ್ವೈತಕ್ಕೂ ಸಾಕ್ಷಿ ಹೇಳಿತು, ದ್ವೈತಕ್ಕೂ ಹೇಳಿತು.

ಕಣ್ಣಿನ ಕಿರಣವನ್ನು ಕೊನೆಗೆ ನಂದಿಸಿದವನು ಇಬ್ನ್ ಅಲ್-ಹೈಥಮ್. ಬಸ್ರಾದವನು, ಕೈರೋದಲ್ಲಿ ಕೂತು ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ದೃಷ್ಟಿಯ ಮೇಲೆ ಏಳು ಸಂಪುಟ ಬರೆದ. ಅದರಲ್ಲಿ ಮೂರು ಪೂರ್ತಿ ಪ್ರತಿಫಲನಕ್ಕೇ ಮೀಸಲು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ, ಕಣ್ಣಿನಿಂದ ವಸ್ತುವಿಗೆ ಹೋಗುವುದಿಲ್ಲ.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ಕ್ಯಾರಂ ಹಲಗೆಯ ಅಂಚಿಗೆ ತಾಗಿದ ಸ್ಟ್ರೈಕರ್ ಹಾಗೆ ಬೆಳಕು ಕನ್ನಡಿಗೆ ಬಡಿದು ಪುಟಿಯುತ್ತದೆ ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಕೋನದ ಮಟ್ಟಿಗೆ ಅದು ಸರಿ, ನಡೆಯುವ ಸಂಗತಿ ಬೇರೆ. ಕನ್ನಡಿಯ ಬೆನ್ನಿಗೆ ತೆಳ್ಳಗೆ ಬೆಳ್ಳಿ ಅಥವಾ ಅಲ್ಯೂಮಿನಿಯಂ ಲೇಪ ಇರುತ್ತದೆ. ಲೋಹದೊಳಗೆ ಎಲೆಕ್ಟ್ರಾನುಗಳು ಜಾತ್ರೆಯ ಜನದ ಹಾಗೆ ಬಿಡುಬೀಸಾಗಿ ಓಡಾಡಿಕೊಂಡಿರುತ್ತವೆ. ಬೆಳಕಿನ ಅಲೆ ಬಂದು ಅವುಗಳನ್ನು ತೂಗುತ್ತದೆ. ತೂಗಿದ ಎಲೆಕ್ಟ್ರಾನು ತಾನೇ ಬೆಳಕಿನ ಅಲೆ ಹೊರಡಿಸುತ್ತದೆ. ಲೋಹದ ಒಳಮುಖಕ್ಕೆ ಹೋದ ಈ ಹೊಸ ಅಲೆ ಬಂದ ಅಲೆಯೊಂದಿಗೆ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಅದಕ್ಕೇ ಲೋಹದ ಆಚೆ ಕತ್ತಲು. ಹೊರಮುಖಕ್ಕೆ ಬಂದ ಹೊಸ ಅಲೆ ಇದೆಯಲ್ಲ, ಅದೇ ಪ್ರತಿಫಲನ. ಅಂದರೆ ಬೆಳಿಗ್ಗೆ ಗಡ್ಡ ಹೆರೆಯುವಾಗ ನಿಮ್ಮ ಕಣ್ಣಿಗೆ ಬೀಳುವುದು ನಿಮ್ಮ ಮುಖದಿಂದ ಹೋದ ಬೆಳಕು ಅನ್ನುವುದಕ್ಕಿಂತ, ಅದನ್ನು ಕೇಳಿಸಿಕೊಂಡು ಬೆಳ್ಳಿಯ ಎಲೆಕ್ಟ್ರಾನುಗಳು ಕೊಟ್ಟ ಉತ್ತರ. ಉತ್ತರದಲ್ಲಿ ಉತ್ತರ ಕೊಟ್ಟವರ ಗುಣ ಇದ್ದೇ ಇರುತ್ತದೆ. ಬಂಗಾರದ ಎಲೆಕ್ಟ್ರಾನುಗಳು ನೀಲಿಗೆ ಸರಿಯಾಗಿ ಉತ್ತರ ಕೊಡುವುದಿಲ್ಲ, ನುಂಗಿಬಿಡುತ್ತವೆ. ಅದಕ್ಕೇ ಬಂಗಾರ ಹಳದಿ.

ಬೇಲೂರಿನ ಚೆನ್ನಕೇಶವ ಗುಡಿಯ ದರ್ಪಣ ಸುಂದರಿಯ ಕೈಯಲ್ಲಿರುವುದು ಗಾಜಿನ ಕನ್ನಡಿಯಲ್ಲ, ನೆನಪಿರಲಿ. ಆ ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಅಂದಿನ ಕನ್ನಡಿ ಅಂದರೆ ಉಜ್ಜಿ ಹೊಳಪೇರಿಸಿದ ಲೋಹದ ಬಿಲ್ಲೆ. ಕೇರಳದ ಆರನ್ಮುಳದಲ್ಲಿ ಇವತ್ತಿಗೂ ತಾಮ್ರ, ತವರ ಬೆರೆಸಿ ಎರಕ ಹೊಯ್ದು ಅಂಥ ಕನ್ನಡಿ ಮಾಡುತ್ತಾರೆ. ಅದರ ಮೇಲೆ ಉಗುರಿಟ್ಟರೆ ಪ್ರತಿಬಿಂಬದ ಉಗುರು ಬಂದು ತಾಗುತ್ತದೆ. ಮನೆಯ ಕನ್ನಡಿಯಲ್ಲಿ ನಡುವೆ ಗಾಜಿನ ದಪ್ಪದಷ್ಟು ಸಂದು ಕಾಣುತ್ತದೆ. ಇವತ್ತು ಮನೆಗೆ ಹೋಗಿ ನೋಡಿ. ಇಲ್ಲೇ ಹತ್ತಿರದ ಊರಾದ್ದರಿಂದ ನಾನು ಬೇಲೂರಿಗೆ ಹೋದಾಗಲೆಲ್ಲ ಆ ಶಿಲ್ಪದ ಮುಂದೆ ನಿಲ್ಲುತ್ತೇನೆ. ಶಿಲ್ಪಿ ಕನ್ನಡಿ ಕೆತ್ತಿದ, ಬೆರಳು ಕೆತ್ತಿದ, ಬಳೆ ಕೆತ್ತಿದ. ಪ್ರತಿಬಿಂಬವನ್ನು ಮಾತ್ರ ಆ ಕಲ್ಲಿನಲ್ಲಿ ತರಲಾಗಲಿಲ್ಲ, ಅದನ್ನು ಅವಳ ಮುಖದ ಮೇಲೆ ತಂದ. ಅವಳು ಏನು ಕಂಡಳು ಅನ್ನುವುದು ಅವಳ ತುಟಿಯಲ್ಲಿ ಗೊತ್ತಾಗುತ್ತದೆ.

ಕನ್ನಡಿ ಬಿಟ್ಟು ಚಂದ್ರನನ್ನು ನೋಡೋಣ. ಬೆಳದಿಂಗಳು ಬಿಸಿಲಿನ ಪ್ರತಿಫಲನ ಅಂತ ಎಲ್ಲರಿಗೂ ಗೊತ್ತು. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡರಷ್ಟನ್ನು ಮಾತ್ರ ಮರಳಿಸುತ್ತಾನೆ, ಸವೆದ ಡಾಂಬರು ರಸ್ತೆಯಷ್ಟು ಕಪ್ಪು. ಆ ಕಪ್ಪಿನ ಮುಂದೆ ಕೂತು ನಮ್ಮ ಕವಿಗಳು ಹಾಲು, ಬೆಳ್ಳಿ ಅಂದರು. ತಪ್ಪಿಲ್ಲ, ಸುತ್ತಲ ಆಕಾಶ ಇನ್ನೂ ಕಪ್ಪು. ಆದರೆ ಚಂದ್ರನ ಮಣ್ಣು ಎಂಥದು, ಕಲ್ಲು ಎಂಥದು ಅಂತ ಅಲ್ಲಿ ಕಾಲಿಡುವ ಮೊದಲೇ ನಮಗೆ ತಿಳಿದದ್ದು ಹೇಗೆ? ಬಿಸಿಲಿನಲ್ಲಿ ಇದ್ದದ್ದು ಬೆಳದಿಂಗಳಲ್ಲಿ ಎಷ್ಟು ಕಡಿಮೆಯಾಗಿದೆ, ಯಾವ ಬಣ್ಣ ಕಳೆದಿದೆ ಅಂತ ಲೆಕ್ಕ ಹಾಕಿ. ಬಿಸಿಲು ಇದ್ದ ಹಾಗೇ ವಾಪಸ್ಸು ಬಂದಿದ್ದರೆ ಚಂದ್ರನ ಸುದ್ದಿ ಏನೂ ಸಿಗುತ್ತಿರಲಿಲ್ಲ.

ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವ ಕನ್ನಡಿಯೂ ಉಂಟು. ಮೂರು ಕನ್ನಡಿಗಳನ್ನು ಕೋಣೆಯ ಮೂಲೆಯ ಹಾಗೆ ಒಂದಕ್ಕೊಂದು ಲಂಬವಾಗಿ ಜೋಡಿಸಿದರೆ, ಯಾವ ಕೋನದಿಂದ ಬೆಳಕು ಬಂದರೂ ಬಂದ ಕಡೆಗೇ ಹೋಗುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆ ಇದೇ ಜಾತಿ. ಕಚೇರಿಗಳಲ್ಲಿ ಸಾಹೇಬರ ಸುತ್ತ ಇಂಥವರು ಕೂತಿರುತ್ತಾರೆ, ಹೆಚ್ಚು ಹೇಳುವುದಿಲ್ಲ. ಆದರೆ ಇವರಿಂದಲೂ ಒಂದು ಉಪಯೋಗ ಇದೆ: ದೂರ ಅಳೆಯಬಹುದು. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಅಂಥ ಮೂಲೆಗನ್ನಡಿಗಳ ಹಲಗೆ ಇಟ್ಟು ಬಂತು. ಲೇಸರ್ ಬೆಳಕು ಹೋಗಿ ಬರುವುದಕ್ಕೆ ಸುಮಾರು ಎರಡೂವರೆ ಸೆಕೆಂಡು. ಆ ತಡವನ್ನು ನಿಖರವಾಗಿ ಅಳೆದೇ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆ ಅಂತ ಲೆಕ್ಕ ಹಾಕಿದ್ದು. ನಮ್ಮ ಚಂದ್ರಯಾನ-3ರ ವಿಕ್ರಮ್ ನೌಕೆಯ ಮೇಲೂ ನಾಸಾದವರ ಅಂಥದೊಂದು ಪುಟ್ಟ ಸಾಧನ ಇದೆ, ಐದು ಸೆಂಟಿಮೀಟರ್ ಅಗಲದ್ದು. ವಿಕ್ರಮ್ 2023ರ ಸೆಪ್ಟೆಂಬರಿನಲ್ಲಿ ನಿದ್ದೆಗೆ ಹೋದದ್ದು ಮತ್ತೆ ಏಳಲಿಲ್ಲ. ಆದರೆ ಡಿಸೆಂಬರ್ 12ರಂದು ಚಂದ್ರನ ಸುತ್ತ ತಿರುಗುವ ಅಮೆರಿಕದ ನೌಕೆ ನೂರು ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಾಗ ಉತ್ತರ ಬಂತು. ಕನ್ನಡಿಗೆ ಕರೆಂಟು ಬೇಡವಲ್ಲ.

ಇನ್ನು ಕಿಟಕಿ. ನೀವೆಲ್ಲ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರೇ. ಒಳಗೆ ದೀಪ ಹಾಕಿದಾಗ ಕಿಟಕಿಯಲ್ಲಿ ನಿಮ್ಮ ಮುಖ ಕಾಣುತ್ತದೆ. ಹಗಲು ಕಾಣುವುದಿಲ್ಲ. ಹಗಲು ಗಾಜು ಪ್ರತಿಫಲಿಸುವುದಿಲ್ಲವೆ? ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದು ಮೈ ನೂರಕ್ಕೆ ನಾಲ್ಕರಷ್ಟನ್ನು ಮರಳಿಸುತ್ತದೆ, ಎರಡೂ ಮೈ ಸೇರಿ ಎಂಟರ ಹತ್ತಿರ. ಉಳಿದದ್ದು ದಾಟಿ ಹೋಗುತ್ತದೆ. ಹಗಲೂ ನಿಮ್ಮ ಮುಖ ಆ ಕಿಟಕಿಯಲ್ಲಿ ಇದ್ದೇ ಇರುತ್ತದೆ, ಹೊರಗಿನ ಬೆಳಕಿನ ಗದ್ದಲದಲ್ಲಿ ಮುಳುಗಿ ಹೋಗಿರುತ್ತದೆ ಅಷ್ಟೆ. ರಾತ್ರಿ ಗಾಜು ಬದಲಾಗಲಿಲ್ಲ, ಹೊರಗು ಸುಮ್ಮನಾಯಿತು.

ಈ ನೂರಕ್ಕೆ ನಾಲ್ಕು ನ್ಯೂಟನ್ನನ ನಿದ್ದೆ ಕೆಡಿಸಿತ್ತು. ಬೆಳಕು ಕಣಗಳಾದರೆ, ಯಾವ ಕಣ ಮರಳಬೇಕು, ಯಾವುದು ದಾಟಬೇಕು ಅಂತ ಯಾರು ನಿರ್ಧರಿಸುತ್ತಾರೆ? ಕಣಕ್ಕೆ ಸರದಿಯ ಮೇಲೆ ಮರಳುವ ಲಹರಿ, ದಾಟುವ ಲಹರಿ ಬರುತ್ತದೆ ಅಂತ 1704ರ ತನ್ನ ಗ್ರಂಥದಲ್ಲಿ ಬರೆದ. ಇವತ್ತಿನ ಕ್ವಾಂಟಂ ಸಿದ್ಧಾಂತ ನೂರರಲ್ಲಿ ಎಷ್ಟು ಅಂತ ಅಚ್ಚುಕಟ್ಟಾಗಿ ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ಇದರ ಒಳಗೆ ಇಳಿದರೆ ಊಟದ ಹೊತ್ತು ಮೀರುತ್ತದೆ.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಎರಡು ಕಥೆ. ಮೊದಲನೆಯದು ಪ್ರತಿಫಲನವನ್ನು ತೆಗೆದುಹಾಕಿದವರದು.

1921. ಸಿ. ವಿ. ರಾಮನ್ ಆಗ ಕಲ್ಕತ್ತೆಯಲ್ಲಿ ಪ್ರಾಧ್ಯಾಪಕರು, ಬೆಂಗಳೂರಿಗೆ ಬರುವುದಕ್ಕೆ ಇನ್ನೂ ಹನ್ನೆರಡು ವರ್ಷ ಇದೆ. ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಇಂಗ್ಲೆಂಡಿಗೆ ಹೋದರು. ಹೋದವರು ಸುಮ್ಮನಿರಲಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಶಬ್ದ ಗೋಡೆಗುಂಟ ಹೇಗೆ ಸರಿದು ಹೋಗುತ್ತದೆ ಅಂತ ಅಳೆದರು. ನಮ್ಮ ವಿಜಯಪುರದ ಗೋಳಗುಮ್ಮಟದಲ್ಲೂ ಅದೇ ನಡೆಯುತ್ತದೆ, ಸುಮಾರು 38 ಮೀಟರ್ ಆಚೆಯ ಪಿಸುಮಾತು ಕಿವಿಯ ಹತ್ತಿರ ಕೇಳಬೇಕು. ಆದರೆ ನೀವು ಹೋದಾಗ ಕೇಳಿಸಿದೆಯೆ? ಎಲ್ಲರೂ ಕೂಗುತ್ತಿರುತ್ತಾರೆ.

ಮರಳುವಾಗ ನಾರ್ಕುಂಡ ಅನ್ನುವ ಹಡಗು. ಮೆಡಿಟರೇನಿಯನ್ ಸಮುದ್ರದ ಆ ಗಾಢ ನೀಲಿ. ಅದಕ್ಕೆ ಕಾರಣ ಆಗಲೇ ಪುಸ್ತಕದಲ್ಲಿತ್ತು. ಬರೆದವರೂ ಸಾಮಾನ್ಯರಲ್ಲ, ಆಕಾಶ ಯಾಕೆ ನೀಲಿ ಅಂತ ಜಗತ್ತಿಗೆ ವಿವರಿಸಿದ ಲಾರ್ಡ್ ರ‍್ಯಾಲೆ. ಕಡಲಿನ ನೀಲಿ ನೀರಿನದಲ್ಲ, ಆಕಾಶದ ನೀಲಿಯ ಪ್ರತಿಫಲನ ಅಷ್ಟೆ ಅಂತ ಅವರ ಅಭಿಪ್ರಾಯ. ನಂಬುವಂಥದೇ. ಮೋಡ ಕವಿದಾಗ ಕಡಲು ಬೂದಿ ಬಣ್ಣ ಆಗುವುದನ್ನು ಮಲ್ಪೆಯಲ್ಲಿ ನಾವೇ ನೋಡಿಲ್ಲವೆ?

ರಾಮನ್ ಜೇಬಿನಲ್ಲಿ ನಿಕಾಲ್ ಪಟ್ಟಕ ಇತ್ತು, ಬೆಳಕು ಅಡ್ಡಡ್ಡ ಕಂಪಿಸುತ್ತಿದೆಯೋ ಉದ್ದುದ್ದ ಕಂಪಿಸುತ್ತಿದೆಯೋ ಅಂತ ಬೇರ್ಪಡಿಸಿ ಬಿಡುವ ಹರಳು. ನೀರಿನ ಮೇಲೆ ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಒಂದೇ ಬಗೆಯಲ್ಲಿ ಕಂಪಿಸುತ್ತದೆ. ಆ ಕೋನದಲ್ಲಿ ನಿಂತು ಪಟ್ಟಕವನ್ನು ಸರಿಯಾಗಿ ತಿರುಗಿಸಿದರೆ ಪ್ರತಿಫಲನ ಪೂರ್ತಿ ಆರಿಹೋಗುತ್ತದೆ. ಇಗೋ, ಮೇಡಂ ಕೇಳಿದ 'ಯಾವ ಕೋನ'ಕ್ಕೆ ಒಂದು ಉತ್ತರ ಸಿಕ್ಕಿತು. ರಾಮನ್ ಹಡಗಿನ ಅಂಚಿನಲ್ಲಿ ನಿಂತು ಆಕಾಶದ ಪ್ರತಿಫಲನವನ್ನು ಆರಿಸಿದರು. ರ‍್ಯಾಲೆ ಸರಿಯಾಗಿದ್ದರೆ ಕಡಲು ಕಪ್ಪಾಗಬೇಕಿತ್ತು. ಕಡಲು ಇನ್ನಷ್ಟು ನೀಲಿಯಾಯಿತು. ನೀಲಿ ಒಳಗಿನಿಂದ ಬರುತ್ತಿತ್ತು. ಮೇಲಿನ ಆಕಾಶದ ಹೊಳಪು ಅದನ್ನು ಮಸುಕು ಮಾಡುತ್ತಿತ್ತು!

ಸೆಪ್ಟೆಂಬರಿನಲ್ಲಿ ಹಡಗು ಮುಂಬಯಿ ಬಂದರಿಗೆ ಬಂದಾಗಲೇ 'ನೇಚರ್' ಪತ್ರಿಕೆಗೆ ಪತ್ರ ಸಿದ್ಧ. ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಈ ನೀಲಿ ಅಂತ ಅವರ ವಿವರಣೆ. ನೀರು ಕೆಂಪನ್ನು ಹೀರುವುದರ ಪಾಲೂ ದೊಡ್ಡದು ಅಂತ ಇಂದು ಸೇರಿಸಿ ಹೇಳುತ್ತೇವೆ. ಆ ಚದುರುವಿಕೆಯ ಬೆನ್ನು ಹತ್ತಿಯೇ ಅವರು ಏಳು ವರ್ಷದ ನಂತರ, 1928ರ ಫೆಬ್ರವರಿ 28ರ ದಿನಕ್ಕೆ, ನೊಬೆಲ್ ತಂದ ರಾಮನ್ ಪರಿಣಾಮಕ್ಕೆ, ಮುಟ್ಟಿದ್ದು. ಆ ದಿನ ನಿಮಗೆಲ್ಲ ವಿಜ್ಞಾನ ದಿನ.

ನನ್ನನ್ನು ತಡೆದು ನಿಲ್ಲಿಸಿದ್ದು ನೊಬೆಲ್ ಅಲ್ಲ, ಆ ಪಟ್ಟಕ. ನಾವು ನಮ್ಮ ಬಗ್ಗೆ ಯೋಚಿಸುತ್ತೇವೆ ಅಂತ ಕೂತಾಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ನೆಂಟರು ಏನಂದರು, ಮೇಷ್ಟ್ರು ಏನಂದಿದ್ದರು, ಪಕ್ಕದ ಮನೆಯವರು ಏನಂದುಕೊಂಡಾರು. ಅದು ನಮ್ಮ ನೀರಿನ ಮೇಲೆ ಬಿದ್ದ ಅವರ ಆಕಾಶ. ಅದನ್ನೇ ನಮ್ಮ ಬಣ್ಣ ಅಂದುಕೊಂಡು ಎಷ್ಟು ವರ್ಷ ಕಳೆಯುತ್ತೇವೆ. ನನ್ನ ವಿಷಯ ಹೇಳುವುದಾದರೆ, ನನಗೆ ಗಣಿತ ಬರುವುದಿಲ್ಲ ಅನ್ನುವ ಆಕಾಶ ಹತ್ತನೆಯ ತರಗತಿಯ ತನಕ ನನ್ನ ಮೇಲಿತ್ತು.

ಎರಡನೆಯ ಕಥೆ ಕನ್ನಡಿಯನ್ನು ಅತಿಯಾಗಿ ನಂಬಿದವರದು. ಹಬಲ್ ದೂರದರ್ಶಕ 1990ರ ಏಪ್ರಿಲ್ 24ರಂದು ಹಾರಿತು. ಅದರ ಮುಖ್ಯ ಕನ್ನಡಿ 2.4 ಮೀಟರ್ ಅಗಲ. ಅಷ್ಟು ನಯವಾಗಿ ಉಜ್ಜಿದ ಅಷ್ಟು ದೊಡ್ಡ ಕನ್ನಡಿ ಅದುವರೆಗೆ ಇರಲಿಲ್ಲ ಅಂತ ಹೊಗಳಿದ್ದರು. ಮೇಲೆ ಹೋದ ಮೇಲೆ ನಕ್ಷತ್ರಗಳ ಸುತ್ತ ಮಬ್ಬು. ನೋಡಿದರೆ ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಎರಡು ಮೈಕ್ರಾನಿನಷ್ಟು ಚಪ್ಪಟೆ, ಕೂದಲೆಳೆಯ ಐವತ್ತನೆಯ ಒಂದು ಪಾಲು. ಒರಟಾಗಿ ಉಜ್ಜಿ ತಪ್ಪಾದದ್ದಲ್ಲ. ತಪ್ಪು ಆಕಾರಕ್ಕೆ ಅತ್ಯಂತ ನಯವಾಗಿ, ಕರಾರುವಾಕ್ಕಾಗಿ ಉಜ್ಜಿದ್ದರು.

ಕಾರಣ ಕೇಳಿ. ಕನ್ನಡಿಯ ಆಕಾರ ಸರಿ ಇದೆಯೋ ಇಲ್ಲವೋ ನೋಡುವುದಕ್ಕೆ ಕನ್ನಡಿ, ಮಸೂರಗಳಿಂದಲೇ ಮಾಡಿದ ಒಂದು ತಪಾಸಣೆಯ ಸಾಧನ ಇತ್ತು. ಅದರೊಳಗಿನ ಒಂದು ಮಸೂರ 1.3 ಮಿಲಿಮೀಟರ್ ಜಾಗ ತಪ್ಪಿ ಕೂತಿತ್ತು. ಅದನ್ನು ಕೂರಿಸುವಾಗ ಅಳತೆಗೋಲಿನ ತುದಿಗೆ ಬೆಳಕು ಬಿಟ್ಟು, ಮರಳಿದ ಬೆಳಕಿನಿಂದ ದೂರ ಅಳೆದಿದ್ದರು. ತುದಿಗೆ ಒಂದು ಮುಚ್ಚಳ, ಅದಕ್ಕೆ ಬೆಳಕು ಮರಳದ ಹಾಗೆ ಕಪ್ಪು ಬಣ್ಣ. ಆ ಬಣ್ಣ ಒಂದು ಚೂರು ಎದ್ದುಹೋಗಿತ್ತು. ಬೆಳಕು ಕೋಲಿನ ತುದಿಯಿಂದ ಮರಳುವ ಬದಲು ಆ ಚೂರು ಜಾಗದಿಂದ ಮರಳಿತು. ಒಂದು ತಪ್ಪು ಪ್ರತಿಫಲನ.

ಇಷ್ಟಾದರೆ ಅದು ಕೆಟ್ಟ ಗಳಿಗೆ. ನನ್ನನ್ನು ಕಾಡುವುದು ಮುಂದಿನದು. ಬೇರೆ ಬಗೆಯ ಸಾಧನಗಳಿಂದಲೂ ಪರೀಕ್ಷೆ ಮಾಡಿದ್ದರು, ಅವು ಏನೋ ತಪ್ಪಿದೆ ಅಂತ ತೋರಿಸಿಯೇ ಇದ್ದವು. ಆದರೆ ಅವು ಅಷ್ಟು ಸೂಕ್ಷ್ಮವಲ್ಲ ಅಂತ ಅವನ್ನು ಬದಿಗಿಟ್ಟರು. ಅತ್ಯಂತ ಸೂಕ್ಷ್ಮ ಸಾಧನ ಎಲ್ಲ ಸರಿ ಇದೆ ಅನ್ನುತ್ತಿರುವಾಗ ಒರಟು ಸಾಧನದ ಮಾತು ಯಾಕೆ ಕೇಳಬೇಕು? ಕನ್ನಡಿಯನ್ನು ಮತ್ತೆ ಮತ್ತೆ ಆ ಸಾಧನಕ್ಕೆ ತೋರಿಸಿದರು, ಪ್ರತಿ ಸಲ ಅದು ಸರಿ ಅಂದಿತು. ಉಜ್ಜಿದಷ್ಟೂ ತಪ್ಪು ನಿಖರವಾಗುತ್ತ ಹೋಯಿತು.

ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಹೊರಳಾಡುತ್ತೇವಲ್ಲ, ಆಗ ತೀರ್ಪು ಕೊಡುವುದು ಯಾವ ಸಾಧನ? ತಪ್ಪು ಮಾಡಿದ ಅದೇ ತಲೆ. ಹತ್ತು ಸಲ ಕೇಳಿದರೂ ಅದು ಅದೇ ಉತ್ತರ ಕೊಡುತ್ತದೆ, ಹತ್ತನೆಯ ಸಲ ಇನ್ನೂ ಧೈರ್ಯವಾಗಿ ಕೊಡುತ್ತದೆ. ಅಂಥ ಹೊತ್ತಿಗೆ ಬೇಕಾದದ್ದು ಇನ್ನಷ್ಟು ಆತ್ಮಾವಲೋಕನವಲ್ಲ, ಒಂದು ಒರಟು ಸಾಧನ. ನಮ್ಮ ಮನೆಯಲ್ಲಿ ಆ ಸಾಧನ ಅಡುಗೆಮನೆಯಿಂದಲೇ ಕೂಗಿ ಹೇಳುತ್ತದೆ. ನಾನೂ ಬಹಳ ವರ್ಷ, ಅದು ಅಷ್ಟು ಸೂಕ್ಷ್ಮವಲ್ಲ ಅಂತ ಬದಿಗಿಟ್ಟಿದ್ದೆ.

ಹಬಲ್ ಸರಿಯಾಯಿತು, 1993ರ ಡಿಸೆಂಬರಿನಲ್ಲಿ. ದೊಡ್ಡ ಕನ್ನಡಿಯನ್ನು ಬದಲಿಸಲಾಗುವುದಿಲ್ಲ. ಅದರ ಡೊಂಕನ್ನು ಎಣಿಸಿ, ಅಷ್ಟೇ ಡೊಂಕನ್ನು ತಿರುವು ಮುರುವಾಗಿ ಹೊತ್ತ ಪುಟ್ಟ ಪುಟ್ಟ ಕನ್ನಡಿಗಳನ್ನು ಗಗನಯಾತ್ರಿಗಳು ಒಳಗೆ ಕೂರಿಸಿ ಬಂದರು. ಕನ್ನಡಿಗೆ ಕನ್ನಡಕ.

ಇಲ್ಲಿಗೆ ನನ್ನ ಮಾತು ಮುಗಿಯಬೇಕಿತ್ತು. ಆಮೇಲಿನ ಪ್ರಶ್ನೋತ್ತರದಲ್ಲಿ ಕನ್ನಡಿ ಎಡಬಲ ಮಾಡುತ್ತದೆ, ಮೇಲೆ ಕೆಳಗೆ ಯಾಕೆ ಮಾಡುವುದಿಲ್ಲ ಅನ್ನುವ ಎಂದಿನ ಪ್ರಶ್ನೆ ಬಂತು. ಕನ್ನಡಿ ಎಡಬಲ ಮಾಡುವುದೇ ಇಲ್ಲ, ಹಿಂದುಮುಂದು ಮಾಡುತ್ತದೆ. ಬಲಗೈ ಎತ್ತಿ ನೋಡಿ, ಅದೇ ಪಕ್ಕದ ಕೈ ಏಳುತ್ತದೆ. ಮೂಗು ಮಾತ್ರ ಎದುರು ದಿಕ್ಕಿಗಿದೆ. ನಾವು ಮನಸ್ಸಿನಲ್ಲೇ ಆ ಮನುಷ್ಯನ ಜಾಗಕ್ಕೆ ನಡೆದುಹೋಗಿ ತಿರುಗಿ ನಿಲ್ಲುತ್ತೇವೆ, ಎಡಬಲ ಅಲ್ಲಿ ಹುಟ್ಟುತ್ತದೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸಾರ್, ಸಲೂನಿನಲ್ಲಿ ಮುಂದೆ ಒಂದು ಕನ್ನಡಿ, ಹಿಂದೆ ಒಂದು ಕನ್ನಡಿ ಇರುತ್ತಲ್ಲ. ಸಾಲಾಗಿ ನಾನೇ ಕಾಣ್ತೀನಿ. ಆದರೆ ದೂರ ದೂರ ಹೋದ ಹಾಗೆ ನಾನು ಹಸಿರಾಗ್ತೀನಿ. ಯಾಕೆ?"

ಸಭೆ ನಕ್ಕಿತು. ನಾನು ನಗಲಿಲ್ಲ, ಆ ಮೇಡಂ ನೆನಪಾದರು. ಅವನು ನೋಡಿದ್ದು ನಿಜ. ಮನೆಗನ್ನಡಿಯ ಗಾಜಿನಲ್ಲಿ ಒಂದಿಷ್ಟು ಕಬ್ಬಿಣದ ಅಂಶ ಇರುತ್ತದೆ. ಅದು ಉಳಿದ ಬಣ್ಣಗಳನ್ನು ಹಸಿರಿಗಿಂತ ಒಂದು ಚೂರು ಹೆಚ್ಚು ನುಂಗುತ್ತದೆ. ಒಂದು ಸಲ ನೋಡಿದರೆ ಗೊತ್ತಾಗುವುದಿಲ್ಲ, ಕನ್ನಡಿಗೆ ಬಣ್ಣವೇ ಇಲ್ಲ ಅನ್ನಿಸುತ್ತದೆ. ಇಪ್ಪತ್ತು ಮೂವತ್ತು ಸಲ ಹೋಗಿ ಬಂದ ಮೇಲೆ ಮುಖದ ಬಣ್ಣ ಹಿಂದೆ ಸರಿದು ಕನ್ನಡಿಯ ಬಣ್ಣ ಮುಂದೆ ಬರುತ್ತದೆ. "ನೀನು ಹಸಿರಾಗಲಿಲ್ಲಪ್ಪ, ಕನ್ನಡಿ ತನ್ನ ಬಣ್ಣ ಹೇಳಿತು" ಅಂದೆ. ಎಷ್ಟನೆಯ ತಲೆಯಿಂದ ಹಸಿರು ಶುರು ಅಂತ ಕೇಳಿದ. ಎಣಿಸಿಲ್ಲ, ಎಣಿಸಿ ಹೇಳುತ್ತೇನೆ ಅಂದೆ.

ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಸಲೂನಿಗೆ ಹೋದೆ. ಬಿಳಿ ಬಟ್ಟೆ ಹೊದಿಸಿದ್ದರಿಂದ ಎಣಿಸುವುದಕ್ಕೆ ಅನುಕೂಲವೇ ಆಯಿತು. ಒಂದು, ಎರಡು, ಮೂರು. ಏಳನೆಯದರ ಹೊತ್ತಿಗೆ ಬಟ್ಟೆಯ ಬಿಳುಪು ಸ್ವಲ್ಪ ಕಂದಿದೆ ಅನ್ನಿಸಿತು. ಒಂಬತ್ತನೆಯದನ್ನು ನೋಡಬೇಕಾದರೆ ಎಂಟನೆಯ ನನ್ನ ತಲೆಯೇ ಅಡ್ಡ. ಕತ್ತು ಸ್ವಲ್ಪ ಪಕ್ಕಕ್ಕೆ ವಾಲಿಸಿದೆ. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ವಾಲಿದರು.

"ಸಾರ್, ತಲೆ ನೆಟ್ಟಗೆ ಇಟ್ಕೊಳ್ಳಿ," ಅಂದ ಕತ್ತರಿ ಹಿಡಿದಿದ್ದವನು.